ಹಿಂದಿನ ಗಾಲಿ ಕೃಷ್ಣೆಯಲ್ಲಿ

ಯಾವುದೋ ದೇಶದಲ್ಲಿ ಜನ
ಒಂದು ಸಮುದ್ರದಲ್ಲಿ ಹಿಂದಿನ ಗಾಲಿ ಅದ್ದಿ
ಇನ್ನೊಂದರಲ್ಲಿ ಮುಂದಿನ ಗಾಲಿ ಅದ್ದುವ ತನಕ
ಗುಡ್ಡಗಾಡಿನಲ್ಲಿ ಸೈಕಲ್ಲು ತುಳಿಯುತ್ತಾರೆಂದು
ದಾವಲಸಾಬ ಫೋನಿನಲ್ಲಿ ತೋರಿಸಿದ.
ಹಟ್ಟಿಯಲ್ಲಿ ಎರಡನೇ ಪಾಳಿ ಮುಗಿದಿತ್ತು.
ಕಿವಿಯಲ್ಲಿನ್ನೂ ಡ್ರಿಲ್ಲಿನ ಗುಂಯ್.
‘ನಮಗೆಲ್ಲಿ ಸಮುದ್ರ?’ ಅಂದೆ.
‘ಎರಡು ಹೊಳಿ ಅದಾವಲ್ಲೋ ಗದ್ದೆಪ್ಪ,
ನಡುವ ನಾವದೀವಿ.’

ಐದು ದಿನದ ರಜೆ. ಅರ್ಜಿಯಲ್ಲಿ ಕಾರಣ: ಪ್ರವಾಸ.
ಎಲ್ಲಿಗೆಂದು ಕೇಳಿದ ಟೈಮ್ ಆಫೀಸಿನವನಿಗೆ
ಕೃಷ್ಣೆಯಿಂದ ತುಂಗಭದ್ರೆಗೆ ಅಂದರೆ
‘ಬಸ್ಸಿಗೆ ನಾಕು ತಾಸು,
ಉಳಿದ ದಿನ ಏನು ಮಾಡ್ತೀರಿ?’

ಜಲದುರ್ಗದ ಕೆಳಗೆ, ಬಂಡೆಗಳ ನಡುವೆ
ಸೈಕಲ್ಲನ್ನು ಎಮ್ಮೆಯಂತೆ ನೀರಿಗಿಳಿಸಿದೆವು.
ಬಟ್ಟೆ ಒಗೆಯುತ್ತಿದ್ದ ಹೆಂಗಸು ಕೈ ತಡೆದು
‘ಮೈ ತೊಳೀತೀರೇನ್ರಿ ಅದಕ್ಕ?’ ಅಂದಳು.
ನಾನೊಂದು ಬಾಟಲಿ ಕೃಷ್ಣೆ ತುಂಬಿಕೊಂಡೆ,
ಆ ಕಡೆ ಸುರಿಯಲಿಕ್ಕೆ.
ಯಾಕೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಇಪ್ಪತ್ತಾರು ವರ್ಷ ನಾವಿಬ್ಬರೂ
ನೆಟ್ಟಗೆ ಕೆಳಗಿಳಿದವರು, ನೆಟ್ಟಗೆ ಮೇಲೆ ಬಂದವರು.
ಎರಡು ಸಾವಿರ ಅಡಿ, ಕಬ್ಬಿಣದ ಕೇಜಿನಲ್ಲಿ,
ಒಬ್ಬರ ಹೆಗಲಿಗೆ ಒಬ್ಬರ ಮೂಗು.
ಅಡ್ಡ ಹೋದದ್ದೇ ಕಡಿಮೆ.
ಅದಕ್ಕೇ ಮುದಗಲ್ಲಿನ ಏರಿನಲ್ಲಿ
ಗಾಳಿ ಎದುರಿಂದ ಬಂದಾಗ
ಬೈಯಬೇಕೋ ನಗಬೇಕೋ ತಿಳಿಯದೆ
ದಾವಲಸಾಬ ಇಳಿದು ತಳ್ಳತೊಡಗಿದ.
‘ಸಾಕಾತೇನು?’
‘ನನಗಲ್ಲ, ಸೈಕಲ್ಲಿಗೆ ದಣುವಾಗ್ಯದ.’

ಆ ರಾತ್ರಿ ಅವನ ಸಡ್ಡಕನ ಮಾಳಿಗೆ;
ಕೋಟೆಯ ಮೇಲೆ ಚಂದ್ರ, ತೊಡೆಯೊಳಗೆ ಸೂಜಿ.
ಸುಸಲಾ, ಮಿರ್ಚಿ, ಮತ್ತೆ ಮಿರ್ಚಿ.

ತಾವರಗೇರಾ ಇನ್ನೂ ನಾಕು ಮೈಲಿ ಇರುವಾಗ
ಜಾಲಿಮುಳ್ಳು.
ಗಾಳಿ ಹೊಡೆದರೂ ತೂತು ಎಲ್ಲೆಂದು ಕಾಣದು;
ನೀರು ಬೇಕು. ಕುಡಿಯುವ ನೀರು ಆಗಲೇ ಮುಗಿದಿತ್ತು.
ಸುತ್ತ ಬರೀ ಕಲ್ಲು, ಸಜ್ಜೆಯ ಕೂಳೆ,
ದೂರದಲ್ಲೊಂದು ಕುರಿಹಿಂಡು ತನ್ನ ಧೂಳಿನೊಳಗೆ.
ಅವನು ನನ್ನ ಚೀಲದ ಕಡೆ ನೋಡಿದ.
ನಾನು ಆಕಾಶದ ಕಡೆ.
ಆಮೇಲೆ ಬುತ್ತಿಡಬ್ಬಿಯಲ್ಲಿ ಕೃಷ್ಣೆಯನ್ನು ಸುರಿದು
ಟ್ಯೂಬನ್ನು ಗೇಣು ಗೇಣಾಗಿ ಮುಳುಗಿಸಿದೆವು.
ಗುಳು ಗುಳು. ಸಾಸಿವೆಯಷ್ಟು ಗುಳ್ಳೆಗಳ ಒಂದು ಸಾಲು.
‘ಸಿಕ್ತು!’
ಅವನು ಹಾಗೆ ಕೂಗಿದ್ದನ್ನು
ಬಂಡೆಯಲ್ಲಿ ಚಿನ್ನದ ಎಳೆ ಕಂಡಾಗಲೂ
ನಾನು ಕೇಳಿರಲಿಲ್ಲ.

ಕಣ್ಣಿದ್ದವರು ಕನಕಗಿರಿ ನೋಡಬೇಕು,
ಕಾಲಿದ್ದವರು ಹಂಪಿ, ಅನ್ನುತ್ತಾರೆ.
ಕನಕಗಿರಿಯಲ್ಲಿ ನಮಗೆ ಕಣ್ಣು ಮಾತ್ರ ಉಳಿದಿತ್ತು,
ಅದೂ ಛತ್ರದ ಜಗಲಿ ಮೇಲೆ ಮುಚ್ಚಿಹೋಯಿತು.

ಮೂರನೆಯ ದಿನ ಇಳಿಜಾರು.
ಬ್ರೇಕು ಬಿಟ್ಟೆವು.
ಕೇಜಿನಲ್ಲಿ ಇಳಿಯುವಾಗ ಇಳಿಯುವುದು ಕಾಣುವುದಿಲ್ಲ,
ಹೊಟ್ಟೆಗೆ ಮಾತ್ರ ಗೊತ್ತಾಗುತ್ತದೆ.
ಇಲ್ಲಿ ಎಲ್ಲ ಕಂಡಿತು:
ಒಂದರ ಮೇಲೊಂದು ಕೂತ ಗುಂಡುಕಲ್ಲು,
ಯಾರೂ ಬೀಳಿಸದೆ ಬಿಟ್ಟವು;
ಕಾಲುವೆ, ಹಸಿರು, ಕೊಕ್ಕರೆ,
ಗಿರಣಿ ದಾಟುವಾಗ ಬೆಂದ ಭತ್ತದ ವಾಸನೆ.
ದಾವಲಸಾಬ ಬೆಲ್ಲು ಹೊಡೆದ: ಟ್ರಿಣ್, ಟ್ರಿಣ್, ಟ್ರಿಣ್.
ಮೂರು ಗಂಟೆ. ಗಣಿಯಲ್ಲಿ ಅದರ ಅರ್ಥ:
ಒಳಗೆ ಮನುಷ್ಯರಿದ್ದಾರೆ, ಹುಷಾರು.
ನಾನೂ ಹೊಡೆದೆ.

ಆನೆಗೊಂದಿಯ ದಂಡೆಯಲ್ಲಿ ಹರಿಗೋಲಿನ ಹುಡುಗ
‘ದಾಟ್ತೀರೇನ್ರಿ?’ ಅಂದ.
ಇಲ್ಲಪ್ಪ, ಇಷ್ಟೇ ಅಂದೆವು.
‘ನೀರಿನ ತನಕ ಬಂದು ದಾಟದವರನ್ನ
ಇವತ್ತೇ ನೋಡಿದ್ದು ನಾ.’
ಮುಂದಿನ ಗಾಲಿ ಅದ್ದಿದೆವು.
ಬಾಟಲಿ ಖಾಲಿ. ಆದರೂ ಮುಚ್ಚಳ ತೆಗೆದು ಬಗ್ಗಿಸಿದೆ;
ಒಂದು ಹನಿ ಬಾಯಿಗೆ ಬಂದು, ಅಲ್ಲೇ ನಿಂತಿತು.
ಎರಡೂ ಹೊಳೆ ಮುಂದೆಲ್ಲೋ ತಾವೇ ಕೂಡುತ್ತವಂತೆ,
ನಮ್ಮ ಹಂಗಿಲ್ಲದೆ.

ಸೋಮವಾರ ಬೆಳಗಿನ ಪಾಳಿ.
ಕೇಜು ಇಳಿಯುತ್ತಿತ್ತು. ಕತ್ತಲು, ಹೆಗಲು, ಮೂಗು.
ದಾವಲಸಾಬನ ಹೆಬ್ಬೆರಳು
ನನ್ನ ಮೊಣಕೈ ಮೇಲೆ
ಏನನ್ನೋ ಹುಡುಕುತ್ತಿತ್ತು.