ಆರ್

ರಿಪೋರ್ಟಿನ ತುಂಬ ಆರ್.
ಹದಿನಾಲ್ಕು ಔಷಧಿ, ಹದಿನಾಲ್ಕು ಸಲ ಆರ್.
ಬರೆದವಳು ನಾನೇ, ಮಂಡ್ಯದ ಆಸ್ಪತ್ರೆಯ
ಹಿಂಬದಿ ಲ್ಯಾಬಿನಲ್ಲಿ, ಫ್ಯಾನು ನಿಂತ ಮಧ್ಯಾಹ್ನ.
ಯಾವುದಕ್ಕೂ ಬಗ್ಗದು ಎಂದು ಅದರರ್ಥ.
ವಾರ್ಡಿನ ಆಯಾ ಕನ್ನಡದಲ್ಲೇ ಓದಿಕೊಂಡಳು:
ಆರಲ್ಲ ಕಣವ್ವ, ಈ ಗಾಯ ಆರಲ್ಲ.

ಆಲೆಮನೆಯ ಕೊಪ್ಪರಿಗೆ ಮಗುಚಿತ್ತು,
ಕುದಿವ ಪಾಕ ಇಬ್ಬರ ಮೇಲೆ.
ಐದನೆಯ ದಿನ ಹಸಿರು ಕೀವು,
ದ್ರಾಕ್ಷಿ ಕೊಳೆತಂಥ ಸಿಹಿ ನಾತ.
ನನ್ನ ತಟ್ಟೆಯಲ್ಲೂ ಅದೇ ಹಸಿರು,
ಒಟ್ಲು ಪಾತಿಯ ಎಳೆ ಪೈರಿನ ಹಾಗೆ.
ಚೆಂದ ಅಂದುಬಿಟ್ಟೆ. ನಾಲಗೆ ಕಚ್ಚಿಕೊಂಡೆ.

ಸಿದ್ದರಾಜು ಹನ್ನೊಂದನೆಯ ದಿನ ಹೋದ, ಇಪ್ಪತ್ತೆರಡರ ಹುಡುಗ.
ನಿಂಗಬೋರಯ್ಯ, ಅರವತ್ತು ದಾಟಿದವನು, ಬೀಡಿ ಬಿಡದವನು,
ಹೋಗಲಿಲ್ಲ.
ಆಯಸ್ಸು ಗಟ್ಟಿ ಅಂದರು ದೊಡ್ಡ ಡಾಕ್ಟರು,
ಡಾಕ್ಟರು ಅನ್ನಬಾರದ ಮಾತು.

ಯಾಕೆ ಎಂದು ಕೇಳಿದವರು ಮೈಸೂರಿನ ಲ್ಯಾಬಿನವರು.
ಆ ಯಾಕೆಗೆ ಎರಡು ಟ್ಯೂಬು ರಕ್ತ ಬೇಕಂತೆ.
ಐಸ್ ಡಬ್ಬಿ ತೊಡೆ ಮೇಲಿಟ್ಟು ಪ್ಯಾಸೆಂಜರ್ ಹತ್ತಿದೆ.
ಮೀನಾ? ಅಂದಳು ಎದುರು ಸೀಟಿನವಳು.
ಶ್ರೀರಂಗಪಟ್ಟಣದ ಸೇತುವೆ ಕೆಳಗೆ ಹೊಳೆ,
ಮಡಿಲಲ್ಲಿ ತಣ್ಣಗೆ ನಿಂಗಬೋರಯ್ಯ.

ತೊಂಬತ್ತಾರು ಗುಣಿಯ ತಟ್ಟೆ, ಗುಣಿಗೊಂದು ಹನಿ.
ರೋಗದ ಗುರುತು ಹಿಡಿದರೆ ಹಳದಿ,
ಹಿಡಿಯದಿದ್ದರೆ ನೀರು.
ತೊಂಬತ್ತೆರಡು ನೀರು.
ನಾಲ್ಕು ಹಳದಿ, ಅದರಲ್ಲೊಂದು
ಥೇಟು ಅರಿಸಿನ.

ಅದನ್ನೇ ಬೆಳೆಸಿ, ಇಲಿಗಳಿಗೆ ಕೊಟ್ಟು, ರೋಗ ಹಾಯಿಸಿದರು.
ಹತ್ತರಲ್ಲಿ ಎಷ್ಟು ಮೇಡಂ?
ಆರು, ಅಂದಿತು ಫೋನು.
ಇನ್ನೊಮ್ಮೆ ಹೇಳಿ ಎಂದೆ.
ಆರು.
ಆ ರಾತ್ರಿ ನನಗೆ ನಿದ್ದೆ ಇಲ್ಲ.
ಮರುಸಲ ಮೂರೇ. ಅದಾದ ಮೇಲೆ
ಮೇಡಂ ಬಹಳ ದಿನ ಫೋನು ಮಾಡಲಿಲ್ಲ.

ಮೊನ್ನೆ ಮಾತ್ರೆ ಚೀಟಿಗೆ ಬಂದವನಿಗೆ ಇಷ್ಟನ್ನೂ ಹೇಳಿದೆ.
ಅವನು ಕೇಳಿದ್ದು, ಹದ ಹೆಂಗ್ ನೋಡ್ತೀರಿ?
ನಾವಾದ್ರೆ ತಣ್ಣೀರಿಗೆ ಒಂದ್ ತೊಟ್ಟು ಬುಟ್ಟು
ಬೆಳ್ಳಲ್ಲಿ ಉಜ್ಜಿ ನೋಡ್ತೀವಿ.
ನಾವೂ ತೊಟ್ಟೇ ಬಿಡೋದು, ಇನ್ನೂ ಹದ ಬಂದಿಲ್ಲ, ಅಂದೆ.
ಬರೋಗಂಟ ಒಲೆ ಆರಿಸ್ಬ್ಯಾಡಿ ಮತ್ತೆ, ಅಂದ.

ಹೊರಟವನು ಬಾಗಿಲಲ್ಲಿ ತಿರುಗಿ
ಸೊಸೈಟಿಗೆ ಒಂದು ಕಾಗದ ಬರೆಸಿಕೊಂಡ,
ಇವರು ಇವರೇ ಎಂದು, ಸೀಲು ಹಾಕಿಸಿ.
ಸುಟ್ಟು ಮೂಡಿದ ಚರ್ಮಕ್ಕೆ ಗೆರೆ ಇಲ್ಲ.
ಹೆಬ್ಬೆಟ್ಟು ಎಷ್ಟು ಒತ್ತಿದರೂ
ಅಕ್ಕಿ ಕೊಡಿಸುವ ಯಂತ್ರ
ಅವನ ಗುರುತು ಹಿಡಿಯದೆ ವರ್ಷವಾಯಿತು.