ಒಂಬತ್ತನೇ ಯಂತ್ರದ ಪಕ್ಕದ ಮೇಜು

ಶನಿವಾರ ಬೆಳಿಗ್ಗೆ ಎಂಟಕ್ಕೆ,
ಕೆಟ್ಟುನಿಂತ ಒಂಬತ್ತನೇ ಯಂತ್ರದ ಪಕ್ಕ
ಮಡಿಸುವ ಮೇಜು ಬಿಡಿಸಿ ಕೂರುತ್ತಾಳೆ ಡೆಲ್ಫೀನ್ ಗ್ಯಾಂಟ್.
ಒಂದು ಕ್ಯಾಲ್ಕುಲೇಟರು, ಎರಡು ಪೆನ್ಸಿಲು,
ಬೆಣ್ಣೆ ಸವರುವ ಒಂದು ಮೊಂಡ ಚಾಕು.
ಬೋರ್ಡಿಲ್ಲ. ಮೆಂಫಿಸ್ಸಿನ ಈ ಬೀದಿಯಲ್ಲಿ
ಬೋರ್ಡು ಹಾಕಿದವರನ್ನು ಯಾರೂ ನಂಬುವುದಿಲ್ಲ.

ನಾನು ಇಲ್ಲಿ ಕೂಲಿಗೆ ಬಟ್ಟೆ ಮಡಿಸುವವಳು.
ಬೇಡವೆಂದರೂ, ಡ್ರೈಯರು ನಿಂತ ಗಳಿಗೆಯಲ್ಲಿ
ಊರವರ ಮನೆಯ ಲೆಕ್ಕವೆಲ್ಲ ಕಿವಿಗೆ ಬೀಳುತ್ತದೆ.

ಇವತ್ತು ಬಂದವನು ಕ್ಲೀವನ್ ಪ್ರಾಥರ್,
ಶಾಲೆಯ ಬಸ್ಸಿನ ಡ್ರೈವರು.
ಒಗೆಯಲು ತಂದ ಬಟ್ಟೆಯ ಅಡಿಯಲ್ಲಿ
ದಿಂಬಿನ ಚೀಲ, ಅದರ ತುಂಬ
ಒಡೆಯದ ಲಕೋಟೆಗಳು.
ಎಷ್ಟೆಂದು ಕೇಳಲಿಲ್ಲ ಅವಳು. ಚಾಕು ಅವನ ಕೈಗಿತ್ತಳು:
"ನೀವು ಒಡೆಯಿರಿ, ನಾನು ಓದುತ್ತೇನೆ."

ಮೊದಲನೆಯದಕ್ಕೇ ಐದು ನಿಮಿಷ.
ಮಂಜುಗಟ್ಟಿದ ಸೇತುವೆಯ ಮೇಲೆ
ಐವತ್ತು ಮಕ್ಕಳನ್ನು ಅಲುಗದೆ ದಾಟಿಸುವ ಕೈ
ಕಾಗದದ ಅಂಚಿಗೆ ನಡುಗುತ್ತಿತ್ತು.

ಕಾರಿನ ಗೇರಿಗೆಂದು ಎದುರಂಗಡಿಯಲ್ಲಿ ತಂದದ್ದು
ಮುನ್ನೂರು ಡಾಲರು.
ಎರಡು ವಾರಕ್ಕೊಮ್ಮೆ ನಲವತ್ತೈದು ತೆತ್ತು
ಮುಂದೂಡಿದ್ದು ಇಪ್ಪತ್ತು ಸಲ.
ಗುಣಿಸಿದಳು. ಬಾಯಿಬಿಟ್ಟು ಹೇಳದೆ
ಕ್ಯಾಲ್ಕುಲೇಟರನ್ನು ಅವನತ್ತ ತಿರುಗಿಸಿದಳು.
ಒಂಬೈನೂರು.
ನಲವತ್ತು ವಾರ. ಬಸಿರಾಗಿ ಹೆರುವಷ್ಟು ಕಾಲ.
ಹೆತ್ತದ್ದು ಮತ್ತದೇ ಮುನ್ನೂರು.

"ನಾನೊಬ್ಬ ದಡ್ಡ" ಎಂದ ಕ್ಲೀವನ್.
"ಅದನ್ನು ಯಾವ ಕಾಲಮ್ಮಿಗೆ ಬರೆಯಲಿ?" ಎಂದಳು.
ಅವನು ನಕ್ಕ. ನಾನೂ, ಯಾರದೋ ಹೊದಿಕೆಯ ಹಿಂದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು
ಅವಳ ಬಾಯಲ್ಲಿ ಬರುವುದಿಲ್ಲ.
ಹಾಸಿಗೆಗೆ ಕತ್ತರಿಯಿಟ್ಟವರು ಯಾರು,
ಯಾವ ವರ್ಷ ಯಾವ ಬ್ಯಾಂಕು ಈ ಬೀದಿಯಿಂದ ಕಾಲ್ಕಿತ್ತಿತು,
ಆ ಜಾಗದಲ್ಲಿ ಈಗ ಹಗಲೂ ಉರಿಯುವ ದೀಪ ಯಾವುದು,
ಅವಳಿಗೆ ಗೊತ್ತು.
ಗೊತ್ತಿರಲೇಬೇಕು. ಆ ಗಾಜಿನ ಹಿಂದೆ
ಆರು ವರ್ಷ ಕೂತಿದ್ದವಳು ಅವಳೇ.
ಹಳದಿ ಅಂಗಿ, ಎದೆಯ ಮೇಲೆ ಹೆಸರು,
ಬಂದವರಿಗೆ ಚಪ್ಪರಿಸಲು ಬಟ್ಟಲಲ್ಲಿ ಪೆಪ್ಪರಮಿಂಟು.

"ಅಸಲು ತೀರಿಸಲು ಬಂದವರಿಗೆ
ಇವತ್ತೇ ಯಾಕೆ, ಬಡ್ಡಿ ಕಟ್ಟಿದರೆ ಸಾಕು
ಅನ್ನುವುದನ್ನು ಕಲಿಸಿದ್ದರು.
ನಾನು ಅದನ್ನು ಚೆನ್ನಾಗಿ ಹೇಳುತ್ತಿದ್ದೆ" ಅಂದಳು,
ಪೆನ್ಸಿಲು ಹೆರೆಯುತ್ತ.
"ನಿಮ್ಮ ತಾಯಿಗೂ ಹೇಳಿದ್ದೇನೆ."

ಆಗಲೇ ಡ್ರೈಯರುಗಳೆಲ್ಲ ನಿಲ್ಲಬೇಕೆ?
ಕ್ಲೀವನ್ ಎದ್ದ. ಹೋದ ಅಂದುಕೊಂಡೆ.
ಒಗೆದದ್ದನ್ನು ಹಿಂಡಿ, ಒಣಗಲು ಹಾಕಿ,
ನಾಣ್ಯ ಎಣಿಸಿ ತೂರಿಸಿ,
ಒದ್ದೆ ಕೈಯಲ್ಲೇ ಬಂದು ಕೂತ.
"ಅಮ್ಮನಿಗೆ ಆ ಪೆಪ್ಪರಮಿಂಟು ಇಷ್ಟವಿತ್ತು" ಎಂದ.
ಕ್ಷಮೆಯೋ, ಅಲ್ಲವೋ. ನನಗಂತೂ ತಿಳಿಯಲಿಲ್ಲ.
ಮುಂದಿನ ಲಕೋಟೆಗೆ ಚಾಕು ಹಾಕಿದ.

ಹನ್ನೊಂದಾಗುವ ಹೊತ್ತಿಗೆ ಒಂದು ಹಾಳೆ ತುಂಬಿತ್ತು.
ಬಾಡಿಗೆ, ಕರೆಂಟು, ಮಂಡಿನೋವಿನ ಮಾತ್ರೆ,
ತಿಂಗಳಿಗೆರಡು ಭಾನುವಾರ
ತಂಗಿಯ ಮಕ್ಕಳಿಗೆ ಕರಿದ ಮೀನು: ನಲವತ್ತನಾಲ್ಕು.
"ಇದನ್ನು ಹೊಡೆದುಹಾಕುತ್ತೀರಲ್ಲ?"
ಅವಳು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದಳು.
"ಮೀನು ತಿಂದು ಯಾರೂ ಮುಳುಗಿದ್ದನ್ನು ನಾನು ಕಂಡಿಲ್ಲ."

ಸಾಲ ಇವತ್ತು ತೀರಲಿಲ್ಲ.
ಸೋಮವಾರ ಇಬ್ಬರೂ ಎದುರಂಗಡಿಗೆ ಹೋಗುತ್ತಾರಂತೆ,
ಕಂತು ಕಟ್ಟಲು ಬಿಡಿ ಎಂದು ಬರೆದ ಕಾಗದ ಹಿಡಿದು.
ಒಪ್ಪಬಹುದು, ಒಪ್ಪದಿರಬಹುದು.
ಆ ಬಾಗಿಲು ದಾಟಿ ಹನ್ನೊಂದು ವರ್ಷವಾಯಿತು ಅಂದಳು,
ಮೊದಲ ಬಾರಿಗೆ ದನಿ ತುಸು ಸಣ್ಣದಾಗಿತ್ತು.

ಅವರು ಹೋದಮೇಲೆ ಮೇಜಿನಡಿ ಗುಡಿಸಿದೆ:
ಪೆನ್ಸಿಲಿನ ಸಿಪ್ಪೆ, ಲಕೋಟೆಯ ಅಂಚು.
ಒಂಬತ್ತನೇ ಯಂತ್ರದ ರಿಪೇರಿಗೆ
ಮಾಲೀಕ ಇನ್ನೂ ಯಾರನ್ನೂ ಕರೆದಿಲ್ಲ.
ನಾನೂ ನೆನಪಿಸುವುದಿಲ್ಲ.
ಅದು ನೆಟ್ಟಗಾದರೆ ಮೇಜಿಗೆ ಜಾಗವಿರುವುದಿಲ್ಲ,
ಮತ್ತೆ, ನನ್ನ ಕಪಾಟಿನಲ್ಲಿ
ಸಾಬೂನು ಪುಡಿಯ ಡಬ್ಬದ ಹಿಂದೆ
ಮೂರು ಇವೆ.