ಬಟಾಣಿ ಎಣಿಕೆ

ನವೆಂಬರ್ ಕೊನೆಗೆ ಸೂರ್ಯ ರಜೆ ಹಾಕಿದನೆಂದರೆ
ನಾರ್ವೆಯ ಈ ತುದಿಗೆ ಮತ್ತೆ ಬರುವುದು ಜನವರಿಯಲ್ಲಿ.
ಆ ಎರಡು ತಿಂಗಳ ಕತ್ತಲಿಗೆ
ಒಂಬತ್ತು ಸಿನಿಮಾ ಆರಿಸುವವರು ನಾವು,
ಐದು ಜನ, ಸಂಬಳವಿಲ್ಲದವರು,
ಹಳೆಯ ಮೀನು ಗೋದಾಮಿನ ಮಹಡಿಯಲ್ಲಿ.
ಕುರ್ಚಿ ನಲವತ್ತೆಂಟು. ಎರಡು ಮುರಿದಿವೆ.
ಎಷ್ಟು ಸಲ ಬಣ್ಣ ಹೊಡೆಸಿದರೂ ಗೋಡೆಯಲ್ಲಿ ಕಾಡ್ ಮೀನಿನ ವಾಸನೆ,
ಪ್ರೇಮದ ದೃಶ್ಯಗಳಲ್ಲಿ ಯಾಕೋ ಸ್ವಲ್ಪ ಹೆಚ್ಚು.

ಸೆಪ್ಟೆಂಬರಿನ ಸಭೆ. ಒಬ್ಬೊಬ್ಬರಿಗೆ ಒಂಬತ್ತು ಒಣ ಬಟಾಣಿ,
ಒಂದೊಂದು ಸಿನಿಮಾಕ್ಕೆ ಒಂದೊಂದು ಲೋಟ.
ನಡಾವಳಿ ಬರೆಯುವುದು, ಕಾಳು ಎಣಿಸುವುದು ನನ್ನ ಪಾಲು;
ಹಗಲೆಲ್ಲ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುವ ಕೈ.

ಗುನ್‌ವೋರ್ ಮೇಡಂ ಮೊದಲು ನೋಡುವುದು ಎಷ್ಟು ನಿಮಿಷ ಎಂದು.
"ಕೊನೆಯ ಬಸ್ಸು ಒಂಬತ್ತೂವರೆಗೆ.
ಎಷ್ಟೇ ಚೆನ್ನಾಗಿ ಸಾಯಲಿ ನಾಯಕ, ಒಂಬತ್ತರೊಳಗೆ ಸಾಯಲಿ."
ಹತ್ತೊಂಬತ್ತರ ಐಲೋಗೆ ಬೇಕಾದದ್ದು
ನಾಲ್ಕು ಗಂಟೆ ಬರೀ ಮಂಜು ತುಂಬಿದ ಒಂದು ಚಿತ್ರ.
"ಮಂಜು ಕಿಟಕಿಯಲ್ಲೇ ಇದೆಯಲ್ಲ ಮಗಾ, ಅದೂ ಪುಕ್ಕಟೆ."
ಅಸ್ಮರಾದ ಚಿತ್ರಮಂದಿರದ ಬಾಲ್ಕನಿಯಲ್ಲಿ ಬೆಳೆದ ಸೆಮ್‌ಹಾರ್
ಪ್ರತಿ ಸಲದಂತೆ, "ಕತ್ತಲಲ್ಲಿ ಕೂತವರಿಗೆ
ಇನ್ನಷ್ಟು ಕತ್ತಲೆ ಬಡಿಸಬೇಡಿ. ನಗಿಸಿ ಕಳಿಸಿ."

ಮತ್ತೆ ಯಾಲ್ಮಾರ್. ಆರು ವರ್ಷದಿಂದ ಅದೇ ಸಿನಿಮಾ.
ಡ್ಯಾನ್ಯೂಬ್ ನದಿಯಲ್ಲಿ ಜನರನ್ನು ದಾಟಿಸುವ ಒಂದು ದೋಣಿ,
ಎಪ್ಪತ್ತೊಂದು ನಿಮಿಷ, ಕಥೆ ಎಂಬುದಿಲ್ಲ.
ಇಪ್ಪತ್ತರ ವಯಸ್ಸಿನಲ್ಲಿ ಹಡಗು ಲಂಗರು ಹಾಕಿದ್ದ ಯಾವುದೋ ಬಂದರಿನಲ್ಲಿ
ನೋಡಿದ್ದನಂತೆ, ಒಂದೇ ಸಲ.
ಎದ್ದು ನಿಂತು, ಟೋಪಿ ತೆಗೆದು, ಹೇಳುತ್ತಿದ್ದ ಅದರ ಹೆಸರು.
ಅಳೆದೂ ಸುರಿದೂ ನೋಡಿದರೆ
ಪ್ರತಿ ವರ್ಷ ಒಂದು ಕಾಳು ಕಡಿಮೆ.
"ಈ ಸಲವೂ ನನ್ನ ಬೇಳೆ ಬೇಯಲಿಲ್ಲ" ಎಂದು
ಸೋತ ಬಟಾಣಿಗಳನ್ನು ಸೂಪಿಗೆಂದು ಜೇಬಿಗೆ ಹಾಕಿಕೊಂಡು
ಮೆಟ್ಟಿಲಿಳಿಯುತ್ತಿದ್ದ.

ಆ ಒಂದು ಕಾಳು ನನ್ನದು.
ಆರು ವರ್ಷವೂ ನನ್ನ ಮುಷ್ಟಿಯಲ್ಲಿ ಬೆವತು
ಇನ್ನೊಂದು ಲೋಟಕ್ಕೆ ಬಿದ್ದದ್ದು.
ದಡದಲ್ಲಿ ನಿಂತು ನೀರು ನೋಡುವ ಹೆಂಗಸರನ್ನು
ಟಿಕೆಟ್ ಕೊಟ್ಟು ಬೇರೆ ನೋಡಬೇಕೆ?
ನನ್ನ ಕಾರಣ ನನಗಿತ್ತು. ನಡಾವಳಿಯಲ್ಲಿ ಬರೆದಿಲ್ಲ.

ಈ ವರ್ಷ ಯಾಲ್ಮಾರನ ಕುರ್ಚಿ ಖಾಲಿ.
ಆಸ್ಪತ್ರೆಯಲ್ಲಿದ್ದ, ಸೊಂಟದ ಮೂಳೆ.
ಹೆಸರು ಹೇಳುವವರು ಯಾರೂ ಇರಲಿಲ್ಲವಾಗಿ ನಾನೇ ಹೇಳಿದೆ,
ಟೋಪಿ ಇರಲಿಲ್ಲ, ಕನ್ನಡಕ ತೆಗೆದೆ.
ಲೋಟದಲ್ಲಿ ಕಾಳು ಟಣ್ಣೆಂದಿತು. ಇನ್ನೊಂದು. ಮತ್ತೊಂದು.
ಐಲೋ ತನ್ನ ಮಂಜನ್ನು ಬಿಟ್ಟುಕೊಟ್ಟ.

ಡಿಸೆಂಬರ್ ಒಂಬತ್ತು. ಹೊರಗೆ ಮೈನಸ್ ಹನ್ನೊಂದು,
ಒಳಗೆ ಹನ್ನೊಂದು ಜನ. ಗಾಲಿಕುರ್ಚಿಯನ್ನು
ಮೀನಿನ ಪೆಟ್ಟಿಗೆ ಎತ್ತುವ ಹಳೇ ಲಿಫ್ಟಿನಲ್ಲಿ ತಂದೆವು,
ಮುರಿದ ಕುರ್ಚಿಗಳ ಜಾಗದಲ್ಲಿ ನಿಲ್ಲಿಸಿದೆವು.
ಕಪ್ಪು ನದಿ, ಬಿಳಿ ಆಕಾಶ, ಬೂದು ದೋಣಿ.
ಹತ್ತೇ ನಿಮಿಷಕ್ಕೆ ಯಾಲ್ಮಾರ್ ಗೊರಕೆ.
ದಡದ ಹೆಂಗಸರನ್ನು ನಾನೊಬ್ಬಳೇ ನೋಡಿದೆ, ಕೊನೆತನಕ.
ಅವರು ಸೌತೆಕಾಯಿ ಮಾರುತ್ತಿದ್ದರು, ಜಗಳವಾಡುತ್ತಿದ್ದರು,
ಒಬ್ಬಳೂ ನೀರಿನ ಕಡೆ ತಿರುಗಿರಲಿಲ್ಲ.

ದೀಪ ಹತ್ತಿದಾಗ ಎದ್ದ, ತೆರೆ ನೋಡಿದ, ಕೆರಳಿದ.
"ಇದಲ್ಲ. ಆ ದೋಣಿ ಕೆಂಪಗಿತ್ತು."
ಐಲೋ ಮೆಲ್ಲಗೆ, "ಅಜ್ಜ, ಇದು ಕಪ್ಪು-ಬಿಳುಪು. ಇರುವುದು ಇದೊಂದೇ ಪ್ರಿಂಟು."
"ನನಗೆ ಹೇಳಿಕೊಡ್ತೀಯಾ? ನಾನು ನೋಡಿದ್ದೇನೆ. ಕೆಂಪು.
ಮುಂದಿನ ವರ್ಷ ಸರಿಯಾದದ್ದು ತರಿಸಿ."
ಗುನ್‌ವೋರ್ ಮೇಡಂ ಗಡಿಯಾರ ನೋಡಿದರು.
ಬಸ್ಸಿಗೆ ಇನ್ನೂ ಸಮಯವಿತ್ತು; ವಾದ ನಡೆಯಿತು.

ನಡಾವಳಿ, ಅದೇ ರಾತ್ರಿ:
ಬಂದ ಹಣ ಆರುನೂರ ಅರವತ್ತು ಕ್ರೋನ, ಹೋದದ್ದು ಸಾವಿರದ ಎಂಟುನೂರು.
ಹೀಟರ್ ರಿಪೇರಿ ಆಗಬೇಕು.
ದೋಣಿ ಕೆಂಪು.
ಅಂಗೀಕರಿಸಲಾಯಿತು, ಒಂದು ಮತದಿಂದ.